ಒಳಗೆ ಯಾರಾದರೂ ಇದ್ದೀರಾ?

ಇಷ್ಟಕ್ಕೆಲ್ಲ ಕಾರಣ ಒಂದು ಪ್ರೆಸ್ಸಿಗೆ ಅಚ್ಚಿಗೆ ಬಂದ ತತ್ವಶಾಸ್ತ್ರದ ಪುಸ್ತಕದ ನೂರ ಹನ್ನೆರಡನೇ ಪುಟ. ಆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು ಇಬ್ಬರ ಕೆಲಸ. ರೇಡಿಯೋ ಎಂದು ಅಡ್ಡಹೆಸರು ಬಿದ್ದವನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋಗಬೇಕು. ನಮ್ಮ ಪ್ರೂಫ್ ರೀಡರು ಅಚ್ಚಿನ ಹಾಳೆಯ ಮೇಲೆ ಕಣ್ಣಾಡಿಸಿ, ಸಾಲು ಸರಿಯಿದ್ದರೆ "ಹೂಂ" ಅನ್ನಬೇಕು. ಇಪ್ಪತ್ತು ವರ್ಷ ಹೂಂ ಅಂದು ಅಂದು ಅವರ ಬಾಯಿ ಅದಕ್ಕೇ ಒಗ್ಗಿಹೋಗಿತ್ತು.

ಆವತ್ತು ಆ ಪುಟದಲ್ಲಿ ರೇಡಿಯೋ ಓದಿದ: "ನಿನಗೆ ಮನಸ್ಸಿದೆಯೆಂದು ನಿನಗೆ ಗೊತ್ತು. ಉಳಿದವರಿಗೂ ಇದೆಯೆಂದು ಹೇಗೆ ಬಲ್ಲೆ?"

ಹೂಂ ಬರಲಿಲ್ಲ. ಪ್ರೂಫ್ ರೀಡರಿಗೆ ಮೈ ಜುಮ್ಮೆಂದಿತ್ತು.

"ಈ ಸಾಲು ಅರ್ಥ ಆಯ್ತೇನಯ್ಯಾ?"

"ಹದಿನೈದು ವರ್ಷದಿಂದ ಓದ್ತಿದೀನಿ ಸಾರ್. ಅರ್ಥ ಒಂದು ದಿನಾನೂ ಅಡ್ಡ ಬಂದಿಲ್ಲ."

ಪ್ರೂಫ್ ರೀಡರು ತಲೆಯೆತ್ತಿ ನೋಡಿದರು. ಕಿಟಕಿಯಾಚೆ ಬೀದಿ ತುಂಬ ಮುಖಗಳು. ಒಂದೊಂದರ ಹಿಂದೆಯೂ ಒಂದು ಲೋಕವೇ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಹಾಗಾದರೆ ಈ ಜಗತ್ತಿನಲ್ಲಿ ತಾನೊಬ್ಬನೇ? ಮನೆಯಲ್ಲಿರುವವಳೂ ಬರೀ ಮುಖವೇ?

ಪರೀಕ್ಷಿಸಿಯೇ ಬಿಡೋಣವೆಂದು ಗುಂಡುಪಿನ್ನು ತೆಗೆದು ರೇಡಿಯೋನ ತೋಳಿಗೆ ಚುಚ್ಚಿದರು. ಅವನು ಕಿರುಚಿ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ.

"ಕಿರುಚಿದ್ದು ಕೇಳಿಸ್ತು," ಎಂದು ಬಗ್ಗಿ ವಿನಯದಿಂದ ಕೇಳಿದರು, "ಆದ್ರೆ ಒಳಗೆ ನೋವಾಯ್ತಾ?"

ಪ್ರೆಸ್ಸಿಗೆ ಪ್ರೆಸ್ಸೇ ಓಡಿಬಂತು. ಬೈಂಡರು ಚುಚ್ಚಿಸಿಕೊಂಡವನನ್ನು ಬಿಟ್ಟು ಚುಚ್ಚಿದವರ ತಲೆಗೆ ತಣ್ಣೀರು ತಟ್ಟಿದ. ಮ್ಯಾನೇಜರು, "ಮನೆಗೆ ಹೋಗಿ ಮಲಗಿ ಮಾರಾಯ್ರೇ," ಎಂದು ಸಾಗಹಾಕಿದರು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ನಿನ್ನೊಳಗೆ ಯಾರಾದ್ರೂ ಇದಾರಾ?"

ಅವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ಮದುವೆಯಾದ ಹೊಸದ್ರಲ್ಲಿ ನಿಮ್ಮ ಬಗ್ಗೆ ನಂಗೂ ಇದೇ ಅನುಮಾನ ಬಂದಿತ್ತು. ಮನೆಗೆ ಬೆಂಕಿ ಬಿದ್ದಿದೆ ಅಂದೆ, ಹೂಂ ಅಂದ್ರಿ. ತವರಿಗೆ ಹೋಗ್ತೀನಿ, ಇನ್ನು ಬರಲ್ಲ ಅಂದೆ, ಅದಕ್ಕೂ ಹೂಂ. ಒಳಗೆ ಯಾರೂ ಇಲ್ಲ ಅಂತ ಆವತ್ತೇ ತೀರ್ಮಾನ ಮಾಡ್ಕೊಂಡೆ."

ಪ್ರೂಫ್ ರೀಡರು ಬೆರಗಾಗಿ ನಿಂತರು. ಅನುಮಾನ ಪಡಬೇಕಾದರೆ ಒಳಗೆ ಒಬ್ಬರು ಇರಲೇಬೇಕಲ್ಲ. ಇಷ್ಟು ವರ್ಷ ಆ ಎರಡು ಕಣ್ಣುಗಳ ಹಿಂದೆ ಒಬ್ಬಳು ಕೂತು ತನ್ನನ್ನು ನೋಡಿದ್ದಾಳೆ, ತೂಗಿದ್ದಾಳೆ, ಕಾದಿದ್ದಾಳೆ. ಇಷ್ಟು ದೊಡ್ಡ ಲೋಕವೊಂದು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿತ್ತು, ತನಗೆ ತಿಳಿದೇ ಇರಲಿಲ್ಲ. ತಾನು ಒಂಟಿಯಲ್ಲ. ಕಣ್ಣು ತುಂಬಿ ಬಂತು. ನಾನೂ ಮೊದಲಿನಿಂದ ಇಲ್ಲೇ ಇದೀನಿ ಕಣೇ ಎಂದು ಹೇಳಲು ಬಾಯಿ ತೆರೆದರು.

ಅವಳು ಕೈಯಲ್ಲಿದ್ದ ಬಟ್ಟೆ ಬಿಟ್ಟು ಅವರ ಮುಖವನ್ನೇ ನೋಡಿದಳು. "ಹೇಳಿ. ನನ್ನ ತೀರ್ಮಾನ ಸರಿ ತಾನೇ?"

ಪಳಗಿದ ಬಾಯಿ ಮನಸ್ಸಿಗಿಂತ ಮೊದಲೇ ಅಂದುಬಿಟ್ಟಿತು: "ಹೂಂ."