ದುರುಗವ್ವನ ಗಿರಣಿ ಸದ್ದು

ಫೋನು ಬಂದಾಗ ಕೆಳಗೆ ದುರುಗವ್ವನ ಗಿರಣಿ ಓಡುತ್ತಿತ್ತು. ಆ ಹೊತ್ತಿನಲ್ಲಿ ಅದು ಒಂದು ಗಳಿಗೆ ನಿಂತಿದ್ದರೂ ಬಕ್ಕೇಶನ ಹಣೆಬರಹ ಬೇರೆಯೇ ಆಗುತ್ತಿತ್ತು.

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಬಕ್ಕೇಶನ ರೆಕಾರ್ಡಿಂಗ್ ಸ್ಟುಡಿಯೋ. ಸ್ಟುಡಿಯೋ ಎಂದರೆ ಒಂದು ಮೈಕು, ಒಂದು ಕಂಪ್ಯೂಟರು, ಗೋಡೆಗೆ ಹೊಡೆದ ಒಂದು ಜಮಖಾನೆ, ಅಷ್ಟೇ. ಆಟೋದ ಮೇಲೆ ಕೂತು ಊರು ಸುತ್ತುವ "ಬನ್ನಿ ಬನ್ನಿ, ಸೀರೆಗಳ ಭಾರಿ ಮಾರಾಟ" ಎಂಬ ಕೂಗು ಹುಟ್ಟುವುದು ಅಲ್ಲಿ. ಗಿರಣಿ ಮಾತ್ರ ಬೆಳಗಿನಿಂದ ಸಂಜೆಯವರೆಗೂ ಟಕ್-ಟಕಾ, ಟಕ್-ಟಕಾ ಎಂದು ನೆಲ ನಡುಗಿಸುತ್ತಿತ್ತು. ಬಕ್ಕೇಶ ಯಾವ ಅಂಗಡಿಗೆ ಕೂಗು ಮಾಡಿಕೊಟ್ಟರೂ ಅದರ ಅಡಿಯಲ್ಲಿ ಈ ಟಕ್-ಟಕಾ ಅನ್ನದೊಳಗಿನ ಕಲ್ಲಿನ ಹಾಗೆ ಸೇರಿಕೊಂಡಿರುತ್ತಿತ್ತು.

"ಅಣ್ಣಾ, ನಾನ್ರೀ ಪುಷ್ಪಲತಾ! ಭಾನುವಳ್ಳಿ ಪುಷ್ಪಲತಾ!"

ಬಕ್ಕೇಶ ಕೂತಲ್ಲಿಂದ ಎದ್ದು ನಿಂತ. ಚಪ್ಪಲಿಯನ್ನೂ ಬಿಟ್ಟ.

"ಊರಿಗೆ ಬಂದೀನಣ್ಣಾ. ಸಂಜಿ ಮುಂದ ನಿಮ್ ಸ್ಟುಡಿಯೋಕ್ಕೆ ಬರ್ತೀನಿ. ಹೊಸಾ ಹಾಡು ಅಲ್ಲೇ ರೆಕಾರ್ಡ್ ಮಾಡ್ಬೇಕಂತ ಆಸೆ. ಗಿರಣಿ ಸದ್ದು..." ಟಕ್-ಟಕಾ, ಟಕ್-ಟಕಾ. "...ಹಂಗೆ ನೋಡ್ಕಳ್ರಿ. ಅದೊಂದೇ ನಾನ್ ಕೇಳಾದು."

"ಆಗ್ಲಿ ತಾಯಿ! ಆಗ್ಲಿ!" ಎಂದು ಬಕ್ಕೇಶ ಕಿರುಚಿದ. ನಡುವಿನ ಮಾತನ್ನು ಗಿರಣಿ ನುಂಗಿತ್ತು, ನಿಜ. ಆದರೆ ಹಾಡುವವಳು ಗಿರಣಿ ಸದ್ದಿನ ವಿಷಯದಲ್ಲಿ ಇನ್ನೇನು ಹೇಳಿಯಾಳು? ಮತ್ತೆ ಕೇಳಿ ದಡ್ಡನಾಗುವುದು ಯಾಕೆ ಎಂದುಕೊಂಡ.

ಪುಷ್ಪಲತಾ ಎಂದರೆ ಈಗ ಸಾಮಾನ್ಯಳೇ? ಅವಳ 'ಮಂಡಕ್ಕಿ ಮನಸು' ಹಾಡು ದೇಶದ ಹಾಡುಗಳ ಪಟ್ಟಿಯಲ್ಲಿ ಮೊದಲನೇ ಜಾಗ ಹಿಡಿದು ಕೂತಿತ್ತು. ಬೇಸಿಗೆ ಹೋಗಿ ಮಳೆಗಾಲ ಬಂದರೂ ಇಳಿದಿರಲಿಲ್ಲ. ಎರಡನೇ ಜಾಗದಲ್ಲಿ ಇದ್ದದ್ದೂ ಅವಳದೇ ಇನ್ನೊಂದು ಹಾಡು. ಕನ್ನಡದ ಒಂದಕ್ಷರ ಗೊತ್ತಿಲ್ಲದ ದೂರದ ಊರುಗಳ ಜನ ಮಂಡಕ್ಕಿ ಎಂದರೆ ಏನೆಂದು ತಿಳಿಯದೆಯೇ "ಮಂಡಕ್ಕಿ, ಮಂಡಕ್ಕಿ" ಎಂದು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಅವಳ ಮೂರು ಆಲ್ಬಮ್ಮುಗಳೂ ಬಂದ ದಿನವೇ ಮೇಲೇರಿ ಕೂತಿದ್ದವು.

ಈ ಮಹಾ ಗಾಯಕಿಯ ಮೊಟ್ಟಮೊದಲ ರೆಕಾರ್ಡಿಂಗು ಆದದ್ದು ಬಕ್ಕೇಶನ ಜಮಖಾನೆಯ ಮುಂದೆ. ಅದು ಪ್ರೇಮಗೀತೆಯಲ್ಲ, ಕಸದ ಗಾಡಿಯ ಹಾಡು. ಆವತ್ತು ಹಾಡಬೇಕಿದ್ದವರು ಗಂಟಲು ಕೆಟ್ಟಿದೆ ಎಂದು ಬಂದಿರಲಿಲ್ಲ. ಕೆಳಗೆ ಗಿರಣಿಯ ಮುಂದೆ ಕಾಲೇಜಿನ ಹುಡುಗಿಯೊಬ್ಬಳು ಜೋಳದ ಚೀಲ ಇಟ್ಟುಕೊಂಡು ಪಾಳಿ ಕಾಯುತ್ತ ಏನೋ ಗುನುಗುತ್ತಿದ್ದಳು. ಬಕ್ಕೇಶ ಅವಳನ್ನು ಕರೆದು ಮೈಕಿನ ಮುಂದೆ ನಿಲ್ಲಿಸಿದ. "ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ, ಬಕೆಟ್ ಹಿಡಿದು ಬಾರೆ" ಎಂದು ಅವಳು ಎತ್ತಿದಳು ನೋಡಿ, ಬಕ್ಕೇಶನಿಗೆ ಕೈಕಾಲು ಆಡಲಿಲ್ಲ. ಕಸಕ್ಕೂ ಒಂದು ಮರ್ಯಾದೆ ಬಂದ ಹಾಗಿತ್ತು. ಆದರೆ ಆ ರೆಕಾರ್ಡಿಂಗಿಗೂ ಗಿರಣಿ ಸದ್ದು ಸೇರಿಹೋಗಿತ್ತು. ಆ ನಾಚಿಕೆ ಅವನನ್ನು ಇವತ್ತಿಗೂ ಬಿಟ್ಟಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಅವಳ ಒಂದು ಹಾಡಿನ ಕೆಳಗೆ 'ರೆಕಾರ್ಡಿಂಗ್: ಬಕ್ಕೇಶ್, ದಾವಣಗೆರೆ' ಎಂದು ಬರಬೇಕು. ಅದನ್ನು ಹೆಂಡತಿ ವಾಣಿಗೆ ತೋರಿಸಬೇಕು.

"ಬಂದಾಗ ನೋಡಾನ ಬಿಡ್ರಿ," ಎಂದಳು ಸುದ್ದಿ ಕೇಳಿದ ವಾಣಿ. "ಹೋದ್ ಸಲ ಮಂತ್ರಿ ಬರ್ತಾರಂತ ಸೋಫಾ ತರಿಸಿದ್ರಿ. ಅದ್ರ ಮ್ಯಾಲೆ ಕೂತಿದ್ದು ಬೆಕ್ಕು."

ಬಕ್ಕೇಶ ಕೆಳಗಿಳಿಯುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಇಳಿದಿತ್ತು. ಕಟ್ಟಡದ ಮಾಲೀಕ ಉಜ್ಜನಪ್ಪನವರು ಮೆಟ್ಟಿಲ ಬಳಿಯೇ ಹಿಡಿದರು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದು ಅವರ ಹುಟ್ಟುಗುಣ.

"ಕಿಡಕಿಗೆಲ್ಲಾ ಹೊದೆಯೋ ಕೌದಿ ಬಡಿಬೇಕಪ್ಪಾ. ಒಂದಿರುವೆ ಸದ್ದೂ ಒಳಗ ಹೋಗಬಾರ್ದು. ಕೌದಿ ಇಲ್ಲೇನು? ನಮ್ಮನಿಯಿಂದ ಕೊಡಸ್ತೀನಿ. ಓಣಿಯೋರ್ದೆಲ್ಲಾ ಕೂಡಸ್ತೀನಿ, ನೀ ಹೋಗಿ ಗಿರಣಿ ನೋಡು."

ದುರುಗವ್ವ ಹಿಟ್ಟಿನ ಮೈಯಲ್ಲಿ ಜೋಳ ಸುರಿಯುತ್ತಿದ್ದಳು. ಪಾಳಿ ಬೀದಿಯ ತನಕ ಇತ್ತು.

"ದುರುಗವ್ವಾ, ಇವತ್ತೊಂದಿನ ಗಿರಣಿ ನಿಲ್ಸಬೇಕು."

"ಮಂದಿ ರೊಟ್ಟಿ ತಿನ್ನಾದು ಬ್ಯಾಡೇನು?"

"ಪುಷ್ಪಲತಾ ಬರ್ತಾಳ ಬೇ! ಸದ್ದಿರಬಾರ್ದು."

ಆ ಹೆಸರು ಕೇಳಿ ದುರುಗವ್ವನ ಮುಖ ಅರಳಿತು. ಆದರೂ ಕೈ ನಿಲ್ಲಲಿಲ್ಲ. "ಸದ್ದು ಗಿರಣೀದಲ್ಲಪ್ಪಾ, ಬೆಲ್ಟಿಂದು. ಹರಿದಿದ್ದನ್ನ ಜೋಡ್ಸೀವಲ್ಲ, ಆ ಗಂಟು ತಿರುಗಿದಂಗೆಲ್ಲಾ ಟಕ್-ಟಕಾ ಅಂತೈತೆ. ಹೊಸಾದು ಹಾಕ್ಸಿಕೊಡು. ಗಿರಣೀನೂ ಓಡ್ತೈತೆ, ನಿನ್ ಹಾಡೂ ನಡೀತೈತೆ. ಈ ಅಳತೀದು ಹರಿಹರದ ಹಿದಾಯತ್ ಹತ್ರ ಬಿಟ್ರೆ ಸಿಗಲ್ಲ ನೋಡು."

ಬಕ್ಕೇಶ ಹರಿಹರದ ಬಸ್ಸು ಹತ್ತಿದ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಿಟಕಿಯ ಸೀಟಿಗಾಗಿ ಇಬ್ಬರು ಒಬ್ಬರ ವಂಶವನ್ನೊಬ್ಬರು ಎತ್ತಿ ಆಡುತ್ತಿದ್ದರು, ಹಿಂದೆ ಒಂದು ಕೂಸು ಚೀರುತ್ತಿತ್ತು. ಅಷ್ಟರಲ್ಲಿ ಡ್ರೈವರು 'ಮಂಡಕ್ಕಿ ಮನಸು' ಹಾಕಿದ.

ಬಸ್ಸು ಸುಮ್ಮನಾಯಿತು. ಜಗಳವಾಡುತ್ತಿದ್ದವರಲ್ಲಿ ಒಬ್ಬ ಇನ್ನೊಬ್ಬನಿಗೆ ಸರಿದು ಜಾಗ ಕೊಟ್ಟ. ಕೂಸು ಬಾಯಿ ತೆರೆದುಕೊಂಡೇ ಅಳು ಮರೆಯಿತು. ಆ ದನಿಯಲ್ಲಿ ಅದೇನಿತ್ತೋ! ತಾರಕಕ್ಕೆ ಏರುವಾಗ ಮೇಲಿಂದ ಯಾರೋ ಕೈ ಕೊಟ್ಟು ಎತ್ತಿದ ಹಾಗೆ, ಇಳಿಯುವಾಗ ಹೆತ್ತವ್ವ ತಲೆ ಸವರಿದ ಹಾಗೆ. ಬಕ್ಕೇಶ ಆ ಹಾಡನ್ನು ನೂರು ಸಲ ಕೇಳಿದ್ದ. ಆದರೂ ಮೈಮೇಲೆ ಮುಳ್ಳು ಎದ್ದವು. ಈ ಕಂಠ ಮೊದಲು ಹಾದದ್ದು ನನ್ನ ಮೈಕಿನೊಳಗೆ ಎಂದು ನೆನೆದ. ತಡೆಯಲಾರದೆ ಪಕ್ಕದಲ್ಲಿದ್ದ ಕಂಡಕ್ಟರಿಗೆ ಹೇಳಿಯೇಬಿಟ್ಟ.

"ಈಕಿನ್ನ ಮೊದ್ಲು ರೆಕಾರ್ಡ್ ಮಾಡಿದೋನು ನಾನೇ ರೀ."

ಕಂಡಕ್ಟರು ಅವನನ್ನು ಕರುಣೆಯಿಂದ ನೋಡಿದ. "ಈ ಬಸ್ಸಿನಾಗೆ ದಿನಾ ನಾಕು ಮಂದಿ ಆಕಿಗೆ ಹಾಡು ಕಲಿಸಿದೋರು ಹತ್ತಾರೆ. ಇವತ್ತು ನೀವು ಐದ್ನೇರು. ಸರೀರಿ ಒಳಗೆ."

ಹರಿಹರದಲ್ಲಿ ಹಿದಾಯತ್‌ನ ಅಂಗಡಿಯಲ್ಲೂ ಅದೇ ಹಾಡು. "ಪೂರಾ ಮುಗೀಲಿ ಭಾಯ್," ಎಂದು ಕೈ ಎತ್ತಿ ತಡೆದ ಹಿದಾಯತ್ ಹಾಡು ಮುಗಿದ ಮೇಲೆಯೇ ಅಳತೆಯ ಪಟ್ಟಿ ಮುಟ್ಟಿದ್ದು. ವಿಷಯ ತಿಳಿದ ಮೇಲಂತೂ ಅಂಗಡಿಗೆ ಬೀಗ ಜಡಿದು, "ನಾನೇ ಬಂದು ಹಾಕ್ತೀನಿ, ಆಕಿನ್ನ ಒಂದ್ಸಲ ನೋಡ್ಬೇಕು," ಎಂದು ಬೈಕು ತೆಗೆದ. ಬೆಲ್ಟನ್ನು ಹಿಡಿಯಲು ಜಾಗವಿಲ್ಲದೆ ಬಕ್ಕೇಶ ಅದನ್ನು ಕೊರಳಿಗೆ ಹಾಕಿಕೊಂಡು ಹಿಂದೆ ಕೂತ. ದಾರಿಯುದ್ದಕ್ಕೂ ಜನ ಇವನು ಯಾವ ಚುನಾವಣೆಯಲ್ಲಿ ಗೆದ್ದ ಎಂದು ತಿರುಗಿ ನೋಡಿದರು.

ಹಿದಾಯತ್‌ನ ಕೈ ಬಂಗಾರದ ಕೈ. ಹಳೇ ಬೆಲ್ಟು ಕತ್ತರಿಸಿ ತೆಗೆದು, ಹೊಸದನ್ನು ಏರಿಸಿ, ಎಲ್ಲ ಕಡೆ ಎಣ್ಣೆ ಬಿಟ್ಟು ಸ್ವಿಚ್ಚು ಒತ್ತಿದ. ಗಿರಣಿ ತಿರುಗಿತು. ಸದ್ದೇ ಇಲ್ಲ! ದುರುಗವ್ವ ನಂಬಲಾರದೆ ಗಿರಣಿಯ ಬಾಯಿಗೆ ಕೈ ಒಡ್ಡಿ ನೋಡಿದಳು. ಬಿಸಿ ಹಿಟ್ಟು ಸುಮ್ಮನೆ ಸುರಿಯುತ್ತಿತ್ತು. ವರ್ಷಗಟ್ಟಲೆ ಬಯಸಿದ ಆ ಮೌನ ಕೇಳಿ ಬಕ್ಕೇಶನಿಗೆ ಕಣ್ಣಲ್ಲಿ ನೀರು ಬಂತು.

ಅದೇ ಹೊತ್ತಿಗೆ ಓಣಿಗೆ ಕಸದ ಗಾಡಿ ಬಂತು. "ಹಸಿ ಕಸ ಬ್ಯಾರೆ, ಒಣ ಕಸ ಬ್ಯಾರೆ..." ಪುಷ್ಪಲತಾಳ ದನಿ, ಅದರ ಅಡಿಯಲ್ಲಿ ಟಕ್-ಟಕಾ, ಟಕ್-ಟಕಾ. ಬಕ್ಕೇಶ ಹಳೇ ಬೆಲ್ಟನ್ನು ಸತ್ತ ಹಾವಿನ ಹಾಗೆ ಹಿಡಿದು ಓಡಿದ.

"ಇದು ಹಸಿನೋ ಒಣದೋ?" ಎಂದ ಗಾಡಿಯವನು.

ಉಜ್ಜನಪ್ಪನವರು ಮುಟ್ಟಿ ನೋಡಿ, ಮೂಸಿ ನೋಡಿ ತೀರ್ಪು ಕೊಟ್ಟರು. "ಒಣ."

"ಇನ್ ಮ್ಯಾಲೆ ನಿನ್ ಕಾಟ ತಪ್ತು ನೋಡು!" ಎಂದು ಬಕ್ಕೇಶ ತನ್ನ ಕೈಯಾರೆ ಬೆಲ್ಟನ್ನು ಒಳಕ್ಕೆ ಎಸೆದ. ಗಾಡಿ ತಿರುವಿನಲ್ಲಿ ಮರೆಯಾಯಿತು.

ಪುಷ್ಪಲತಾ ಬಂದಳು. ಕಾರಿನ ಹಿಂದೆ ಮುಂದೆ ಪೊಲೀಸರಿಲ್ಲ, ಡೌಲಿಲ್ಲ. ಹತ್ತಿಯ ಚೂಡಿದಾರ, ಕಾಲಲ್ಲಿ ಸಾದಾ ಚಪ್ಪಲಿ. ಆದರೂ ಓಣಿಗೆ ಓಣಿಯೇ ಉಸಿರು ಬಿಗಿಹಿಡಿದು ನಿಂತಿತು. ಮೊಬೈಲು ಹಿಡಿದುಕೊಂಡು ಕಾದಿದ್ದವರು ಫೋಟೊ ತೆಗೆಯುವುದನ್ನೇ ಮರೆತರು. ವಾಣಿ ಆರತಿ ತಟ್ಟೆ ಹಿಡಿದುಕೊಂಡು ಮುಂದೆ ಬಂದಿದ್ದಳು. ಬಕ್ಕೇಶ ಹೆಂಡತಿಯ ಕಡೆ ಒಮ್ಮೆ ನೋಡಿದ, ಗೆದ್ದವನ ಹಾಗೆ.

"ಅಣ್ಣಾ, ಚೆನ್ನಾಗಿದೀರಾ?" ಎಂದು ಪುಷ್ಪಲತಾ ಅವನ ಕಾಲು ಮುಟ್ಟಲು ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತು ಕಿವಿಗೊಟ್ಟಳು. ಗಿರಣಿಯ ಬಾಗಿಲಿಗೆ ಹೋದಳು.

"ಯಾಕ ಅವ್ವಾ, ಇವತ್ತು ಗಿರಣಿ ನಿಲ್ಸೀರೇನು?"

"ಇಲ್ ಮಗಾ, ಓಡಾಕ್ ಹತ್ತೈತೆ," ಎಂದಳು ದುರುಗವ್ವ ಹೆಮ್ಮೆಯಿಂದ. "ಬಕ್ಕೇಶಿ ಹೊಸಾ ಬೆಲ್ಟು ಹಾಕ್ಸಿದ."

"ಹಳೇದು?"

"ಕಸಕ್ಕೆ ಹಾಕಿದ್ವಿ ತಾಯಿ," ಎಂದ ಬಕ್ಕೇಶ, ಶಭಾಷ್‌ಗಿರಿಗೆ ಕಾಯುವವನಂತೆ. "ನೀವೇ ಹೇಳಿದ್ರಲ್ಲ, ಗಿರಣಿ ಸದ್ದು ಇರದ ಹಂಗೆ ನೋಡ್ಕಳ್ರಿ ಅಂತ."

ಪುಷ್ಪಲತಾ ಗಿರಣಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ಇರೋ ಹಂಗೆ ಅಂದಿದ್ದೆ ಅಣ್ಣಾ. ಗಿರಣಿ ಸದ್ದು ಇರೋ ಹಂಗೆ."

ಹಿದಾಯತ್ ಎಣ್ಣೆ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ದೊಡ್ಡ ದೊಡ್ಡ ಸ್ಟುಡಿಯೋದಾಗೆ ತಾಳಕ್ಕಂತ ಕಿವಿಗೆ ಮಷೀನ್ ಹಾಕ್ತಾರೆ. ನಾನು ಅದನ್ನ ಕೇಳೋದೇ ಇಲ್ಲ. ಕಣ್ಣು ಮುಚ್ಚಿ ಈ ಟಕ್-ಟಕಾ ನೆನೆಸ್ಕಂತೀನಿ. ಇಲ್ಲಿ ಜೋಳದ ಚೀಲದ ಮ್ಯಾಲೆ ಕೂತು ಕಲ್ತಿದ್ದು. ಮಂಡಕ್ಕಿ ಹಾಡೂ ಇದ್ರ ಮ್ಯಾಲೇ ಹಾಡಿದ್ದು. ಈ ಸಲ ನೆನಪಿನಾಗಲ್ಲ, ಖರೇನೇ ಅದ್ರ ಜೊತೆ ಹಾಡೋಣ ಅಂತ ಬಂದಿದ್ದೆ."

ಬಕ್ಕೇಶನಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಇಡೀ ದೇಶ ತಲೆದೂಗಿದ ತಾಳ ಇಷ್ಟು ವರ್ಷ ಅವನ ಅಂಗಾಲಿನ ಕೆಳಗೇ ಇತ್ತು! ಅವನು ಅದನ್ನು ಬೈದಿದ್ದೊಂದೇ ಬಂತು.

"ಈಗ ತಂದೆ!" ಎಂದವನೇ ಬರಿಗಾಲಲ್ಲಿ ಓಡಿದ.

ಕಸದ ಗಾಡಿಯನ್ನು ಹುಡುಕುವುದೇನು ಕಷ್ಟ? ಹಾಡು ಕೇಳಿದತ್ತ ಹೋದರಾಯಿತು. ಮುಂದಿನ ರಸ್ತೆಗೆ ಬಂದು ಕಿವಿಗೊಟ್ಟ. ಎಡಗಡೆಯಿಂದ "ಹಸಿ ಕಸ ಬ್ಯಾರೆ" ಕೇಳಿತು. ಎಡಕ್ಕೆ ಓಡಿದ. ಬಲಗಡೆಯಿಂದ "ಒಣ ಕಸ ಬ್ಯಾರೆ" ಎಂದಿತು. ಹಿಂದಿನಿಂದ "ಬಕೆಟ್ ಹಿಡಿದು ಬಾರೆ" ಎಂದು ಕರೆಯಿತು. ಊರಿನ ಅಷ್ಟೂ ಗಾಡಿಗಳಿಗೆ ಅವನೇ ಮಾಡಿಕೊಟ್ಟ ಒಂದೇ ಹಾಡು! ದಾವಣಗೆರೆಗೆ ದಾವಣಗೆರೆಯೇ ಪುಷ್ಪಲತಾಳ ದನಿಯಲ್ಲಿ ಹಾಡುತ್ತಿತ್ತು, ಪ್ರತಿ ಓಣಿಯೂ ಟಕ್-ಟಕಾ ಎನ್ನುತ್ತಿತ್ತು. ಬಕ್ಕೇಶ ನಾಲ್ಕಾರು ಗಾಡಿಗಳೊಳಗೆ ತಲೆ ತೂರಿಸಿ ಬಾಳೆಸಿಪ್ಪೆಯನ್ನೂ ಬೈಗುಳವನ್ನೂ ತಲೆಯ ಮೇಲೆ ಹಾಕಿಕೊಂಡ. ಒಂದು ರಸ್ತೆಯ ನಡುವೆ ನಿಂತು, ಸೋತು, ಸುಮ್ಮನೆ ಆ ಹಾಡು ಕೇಳಿದ. ಎಷ್ಟು ಚೆನ್ನಾಗಿತ್ತು!

ಹಿಂತಿರುಗಿದಾಗ ಓಣಿ ಖಾಲಿ. ವಾಣಿ ಒಬ್ಬಳೇ ಕೌದಿಗಳನ್ನು ಬಿಚ್ಚುತ್ತಿದ್ದಳು.

"ಎಲ್ಲಿ ಪುಷ್ಪಲತಾ?"

"ದುರುಗವ್ವನ ತಂಗೀದು ಭಾನುವಳ್ಳ್ಯಾಗೊಂದು ಗಿರಣಿ ಐತಂತೆ. ಅದ್ರ ಬೆಲ್ಟು ಇದಕ್ಕಿಂತ ಹಳೇದಂತೆ. ಎಲ್ರೂ ಅಲ್ಲಿಗೇ ಹೋದ್ರು. ಆಕಿ ಕಡೆಯೋರು ಮೈಕು-ಮಷೀನು ತಗಂಡು ಸೀದಾ ಅಲ್ಲಿಗೇ ಬರ್ತಾರಂತೆ. ಮೈಕು ಹಿಡಿಯಾಕೆ ಉಜ್ಜನಪ್ಪೋರು, ಬೆಲ್ಟು ನೋಡ್ಕಳ್ಳಾಕೆ ಹಿದಾಯತ್. ನಿಮಗೆ ಭಾಳ ಹೊತ್ತು ಕಾದ್ಲು ಪಾಪ." ವಾಣಿ ಕೈಯಲ್ಲಿದ್ದ ಕೌದಿಯನ್ನು ಎದೆಗೆ ಅವುಚಿಕೊಂಡಳು. "ಹೋಗೋ ಮುಂದೆ ನಮ್ ಸ್ಟುಡಿಯೋದಾಗೆ ನಿಂತು ಒಂದು ಹಾಡು ಹಾಡಿದ್ಲು ರೀ. ಓಣಿಯೋರೆಲ್ಲಾ ಅತ್ವಿ. ಅಂಥಾದ್ದು ನನ್ ಜನ್ಮದಾಗೆ ಕೇಳಿಲ್ಲ."

"ರೆಕಾರ್ಡ್...?"

"ನೀವಿರ್ಲಿಲ್ವಲ್ಲ. ಮಷೀನು ಹಚ್ಚಾಕೆ ಯಾರಿಗ್ ಬರ್ತೈತೆ?"

ಬಕ್ಕೇಶ ಮೇಲೆ ಹೋಗಿ ಮೈಕಿನ ಮುಂದೆ ಕೂತ. ಕೆಳಗೆ ಕೆಲಸದವನು ಉಳಿದ ಜೋಳ ಬೀಸುತ್ತಿದ್ದ, ಗಿರಣಿ ಓಡುತ್ತಿತ್ತು. ಗಡಿಯಾರದ ಮುಳ್ಳು ಸರಿಯುವುದೂ ಕೇಳುವಷ್ಟು ಮೌನ. ಫೋನು ಬಂತು. ಸೀರೆ ಅಂಗಡಿಯವರು.

"ಬಕ್ಕೇಶಣ್ಣಾ, ಪುಷ್ಪಲತಾ ಈಗಷ್ಟೇ ಮೊಬೈಲ್ನಾಗೆ ಲೈವ್ ಬಂದು ಹೇಳಿದ್ಲು ನೋಡ್ರಿ, ಆಕಿ ತಾಳ ಎಲ್ಲಾ ನಿಮ್ ಗಿರಣೀದಂತೆ! ನಮ್ ಸೇಲಿನ ಕೂಗಿಗೂ ಆ ಟಕ್-ಟಕಾನೇ ಬೇಕು. ಅದಿಲ್ದಿದ್ರೆ ಬ್ಯಾಡ. ಆಗ್ತೈತಲ್ಲ?"

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿತು. ಆ ಫೋನು ಅಷ್ಟು ಚೆನ್ನಾಗಿ ಹಿಂದೆಂದೂ ಕೇಳಿಸಿದ್ದಿಲ್ಲ.

"ಹಾಂ? ಏನಂದ್ರಿ?" ಎಂದು ಬಕ್ಕೇಶ ಆ ಮೌನದಲ್ಲಿ ಗಂಟಲು ಹರಿಯುವಂತೆ ಕೂಗಿದ. "ಏನೂ ಕೇಳಿಸ್ತಿಲ್ರಿ! ಕೆಳಗೆ ಗಿರಣಿ ಸದ್ದು!"