ನಗೆಯಮ್ಮನ ಅಧಿಕೃತ ಮುಖ

ಬಡಾವಣೆಯಲ್ಲಿ ಇದುವರೆಗೆ ಒಂದೇ ಒಂದು ಕಳ್ಳತನವೂ ನಡೆದಿಲ್ಲವೆಂಬ ಆತಂಕಕಾರಿ ಸಂಗತಿಯನ್ನು ನಿವಾಸಿಗಳ ಸುರಕ್ಷತಾ ಸಮಿತಿಯು ತುರ್ತು ಸಭೆ ಕರೆದು ಚರ್ಚಿಸಿತು. ಸಮಿತಿಯ ಅಧ್ಯಕ್ಷರು ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದವರು. ಕಣ್ಣಿಗೆ ಕಾಣದ್ದನ್ನೂ ತೂಗಿ ನೋಡುವ ಅಭ್ಯಾಸ ಅವರಲ್ಲಿ ಉಳಿದುಬಿಟ್ಟಿತ್ತು.

"ಕಳ್ಳರು ಬಂದಿಲ್ಲ ಅಂದ್ರೆ ಏನರ್ಥ? ಹೊಂಚು ಹಾಕ್ತಾ ಇದಾರೆ ಅಂತ!" ಎಂದರು ಅವರು.

ಆದ್ದರಿಂದ ಪ್ರತಿಯೊಂದು ಮನೆಯವರೂ ಬಾಗಿಲಿಗೆ ಮತ್ತು ನಡುಮನೆಗೆ ಕ್ಯಾಮೆರಾ ಹಾಕಿಸಿ, ಅದನ್ನು ದೀಪ, ಫ್ಯಾನು, ಬೀಗ, ಗೀಸರುಗಳನ್ನೆಲ್ಲ ತಾನೇ ನಡೆಸುವ 'ಜಾಣಮನೆ' ಎಂಬ ವ್ಯವಸ್ಥೆಗೆ ಜೋಡಿಸತಕ್ಕದ್ದೆಂದು ಠರಾವಾಯಿತು. ಜೋಡಿಸದ ಮನೆಯನ್ನು ಸಮಿತಿಯು ಮನೆಯೆಂದು ಪರಿಗಣಿಸದೆ ಖಾಲಿ ನಿವೇಶನವೆಂದೇ ತಿಳಿಯುವುದು. ವ್ಯವಸ್ಥೆಯನ್ನು ಮಾರುವ ಕಂಪನಿ ಅಧ್ಯಕ್ಷರ ಅಳಿಯನದಾಗಿರುವುದು ಕೇವಲ ಕಾಕತಾಳೀಯವೆಂಬ ಮಾತನ್ನೂ, ಮುಂದೆ ಗೊಂದಲವಾಗಬಾರದೆಂದು, ಠರಾವಿನಲ್ಲಿಯೇ ಸೇರಿಸಲಾಯಿತು.

ಮೂಲೆಮನೆಯ ನಗೆಯಮ್ಮನಿಗೆ ಈ ಜೋಡಣೆಯಲ್ಲಿ ಆಸಕ್ತಿ ಇರಲಿಲ್ಲ, ವಿರೋಧವೂ ಇರಲಿಲ್ಲ. ಆಕೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಡಾವಣೆಯ ಅರ್ಧ ಜನರ ಬಟ್ಟೆ ಹೊಲಿಯುತ್ತಿದ್ದಳು. ಗಿರಾಕಿ ಬೈದರೂ ನಗು, ದಾರ ಹರಿದರೂ ನಗು. ಹಾಗಾಗಿ ಅವಳ ನಿಜವಾದ ಹೆಸರು ಜನಕ್ಕೆ ಮರೆತೇಹೋಗಿತ್ತು. ಬಾಗಿಲು ಬೆಳಗಿನಿಂದ ಸಂಜೆಯವರೆಗೆ ಹಾರುಹೊಡೆದಿರುತ್ತಿತ್ತು. ಮಗ ವಿಮಾ ಕಚೇರಿಯ ಅಪಾಯ ವಿಭಾಗದಲ್ಲಿದ್ದವನು. ಮಗ್ಗುಲಲ್ಲಿರುವ ಚಮಚವೂ ಕಣ್ಣು ಚುಚ್ಚಬಹುದೆಂದು ಬಲ್ಲವನು. ಸಮಿತಿಯ ಠರಾವಿಗೆ ಮೊದಲು ಸಹಿ ಹಾಕಿದವನು ಅವನೇ.

ಜೋಡಿಸಲು ಬಂದ ಫಿಟ್ಟರು ಹೊರಗೋಡೆಗೆ ಡ್ರಿಲ್ಲಿಂಗ್ ಯಂತ್ರವಿಟ್ಟು ಒತ್ತಿದ. ಕೆಲಸದಲ್ಲಿ ಅವನಿಗೆ ಇದ್ದ ಶ್ರದ್ಧೆ ಎಂಥದೆಂದರೆ, ಗೋಡೆ ಮುಗಿದ ಮೇಲೂ ನಿಲ್ಲಿಸಲಿಲ್ಲ. ಒಳಗೆ ಗೂಟಕ್ಕೆ ತೂಗುಹಾಕಿದ್ದ, ಅವತ್ತೇ ಮುಗಿಸಿದ್ದ ಗಿರಾಕಿಯ ಹೊಸ ಕೋಟಿನ ಬೆನ್ನಿಗೆ ತೂತು ಬಿತ್ತು. ನಗೆಯಮ್ಮ ಕೋಟನ್ನು ಎತ್ತಿಕೊಂಡು ಹೊರಗೆ ಧಾವಿಸಿದಳು. ಹುಬ್ಬು ಗಂಟಿಕ್ಕಿತ್ತು, ಮೂಗಿನ ಹೊಳ್ಳೆ ಅರಳಿತ್ತು, ಕೆಳತುಟಿ ಕಚ್ಚಿಹೋಗಿತ್ತು.

"ಅಮ್ಮ, ಒಂಚೂರು ಇಲ್ಲಿ ನೋಡಿ," ಎಂದ ಫಿಟ್ಟರು.

ನೋಡಿದಳು. ಕ್ಯಾಮೆರಾ ಚಿಟಕ್ಕೆಂದಿತು. ಮನೆ ಅವಳ ಹೆಸರಿನಲ್ಲಿದ್ದುದರಿಂದ ಆ ಮುಖವೇ 'ಯಜಮಾನಿಯ ಅಧಿಕೃತ ಮುಖ' ಎಂದು ದಾಖಲಾಯಿತು.

ಮರುದಿನ ಅಂಗಡಿಗೆ ಹೋಗಿ ಗುಂಡಿಗಳನ್ನು ತಂದ ನಗೆಯಮ್ಮ, ಎಂದಿನಂತೆ ನಗುನಗುತ್ತಾ ಮೆಟ್ಟಿಲು ಹತ್ತಿದಳು. ಸೈರನ್ ಕೂಗಿಕೊಂಡಿತು. "ಅಪರಿಚಿತ ವ್ಯಕ್ತಿ ಬಾಗಿಲಲ್ಲಿ ಹಲ್ಲು ಕಿರಿಯುತ್ತಿದ್ದಾರೆ" ಎಂಬ ಸಂದೇಶ ಅವಳ ಫೋಟೋ ಸಮೇತ ಬಡಾವಣೆಯ ಎಲ್ಲ ಫೋನುಗಳಿಗೂ ಹೋಯಿತು. ಎದುರುಮನೆಯವರು ಫೋಟೋ ನೋಡಿ, ಅವಳನ್ನೂ ನೋಡಿ, ಕಿಟಕಿ ಮುಚ್ಚಿಕೊಂಡರು.

ಸೊಸೆ ಶಾಲೆಯಲ್ಲಿ ಪಾಠ ಮಾಡುವವಳು. ಸಂಜೆ ಬಂದವಳೇ ಸಹಾಯವಾಣಿಗೆ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟಳು.

"ಮುಖ ಬದಲಾಯಿಸೋದು ಬಹಳ ಸುಲಭ ಮೇಡಂ," ಎಂದಿತು ಆ ಕಡೆಯ ಹೆಣ್ಣುದನಿ. "ಮೊದಲು ಹಳೇ ಮುಖ ತೋರಿಸಿ. ಯಜಮಾನಿ ಅಂತ ಖಾತ್ರಿ ಆದ್ಮೇಲೆ ಹೊಸ ಮುಖ ತೋರಿಸಿ."

"ಹೊಸ ಮುಖ ತೋರಿಸಿದ ಕೂಡ್ಲೇ ಅದು ಬಡ್ಕೊಳ್ಳತ್ತಲ್ಲಮ್ಮ!"

"ಬಡ್ಕೊಳ್ಳಲೇಬೇಕು ಮೇಡಂ. ಯಜಮಾನಿ ಜಾಗಕ್ಕೆ ಬೇರೆ ಯಾರೋ ಬಂದು ನಿಂತ್ರೆ ಸುಮ್ನಿರೋಕಾಗುತ್ತಾ? ನಿಮ್ಮ ಸುರಕ್ಷತೆಗೇ ಅಲ್ವಾ?"

ನಗೆಯಮ್ಮನಿಗೆ ನಗು ತಡೆಯಲಾಗಲಿಲ್ಲ. ಗ್ರಾಹಕರು ತೃಪ್ತರಾಗಿದ್ದಾರೆಂದು ಆ ಕಡೆಯವರು ಬರೆದುಕೊಂಡು ಫೋನಿಟ್ಟರು.

ಹೀಗೆ ನಗೆಯಮ್ಮ ತನ್ನ ಮನೆಗೆ ಹೋಗಬೇಕಾದರೆ ಸಿಟ್ಟು ಮಾಡಿಕೊಳ್ಳುವ ಕ್ರಮ ಜಾರಿಗೆ ಬಂತು. ಬಡಾವಣೆಯ ಜನ ಕೈಲಾದ ಸಹಾಯ ಮಾಡಿದರು. ತರಕಾರಿಯವನು ಆಕೆಗೆಂದೇ ಕೊಳೆತ ಟೊಮೆಟೊ ಎತ್ತಿಟ್ಟು, "ಬಾಗಿಲ ಹತ್ರ ಹೋಗಿ ಬಿಚ್ಚಿ ನೋಡಿ" ಎಂದು ಕೊಡುತ್ತಿದ್ದ. ಸೊಸೆ ಅಂತೂ ಮೆಟ್ಟಿಲ ಮೇಲೆ ನಿಂತು, "ಅತ್ತೆ, ನಿಮ್ಮ ಒಳ್ಳೇ ಕತ್ತರಿಯಲ್ಲಿ ಇವತ್ತು ಪ್ಲಾಸ್ಟಿಕ್ ಕತ್ತರಿಸಿದೆ" ಎನ್ನುವಳು. ಹುಬ್ಬು ಒಂದಿಷ್ಟು ಗಂಟಿಕ್ಕುತ್ತಿತ್ತು, ಬೀಗ ಟಕ್ಕೆನ್ನುತ್ತಿತ್ತು, ಇಬ್ಬರೂ ಒಳಗೆ ನುಗ್ಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಡುಮನೆಯ ಕ್ಯಾಮೆರಾಕ್ಕೆ ಮಾತ್ರ ಬೆನ್ನು ತೋರಿಸಿ ನಗಬೇಕಿತ್ತು, ಅಷ್ಟೇ.

ಇಷ್ಟಕ್ಕೇ ಬಡಾವಣೆಯ ಕೀರ್ತಿ ಹರಡಿತು. ಇಷ್ಟೊಂದು ಕಾವಲಿರುವ ಕಡೆ ಏನೋ ಇರಲೇಬೇಕೆಂದು ಒಬ್ಬ ಕಳ್ಳ ಒಂದು ಮಧ್ಯಾಹ್ನ ಬಂದ.

ಮೊದಲನೆಯ ಮನೆಯ ಬಾಗಿಲು ಅವನಿಗೆ, "ನವೀಕರಣ ನಡೆಯುತ್ತಿದೆ, ದಯವಿಟ್ಟು ಕಾಯಿರಿ" ಎಂದಿತು. ಬಿಸಿಲಲ್ಲಿ ಕಾದ. ಎರಡನೆಯದು, "ಈ ಬಾಗಿಲ ಸೇವೆ ನಿಮಗೆ ಎಷ್ಟು ಇಷ್ಟವಾಯಿತು?" ಎಂದು ಕೇಳಿ, ಉತ್ತರಿಸುವವರೆಗೂ ಬಿಡಲಿಲ್ಲ. ಮೂಲೆಮನೆ ಮುಟ್ಟುವ ಹೊತ್ತಿಗೆ ಅವನ ಹುಬ್ಬು ಗಂಟಿಕ್ಕಿತ್ತು, ಹೊಳ್ಳೆ ಅರಳಿತ್ತು, ಕೆಳತುಟಿ ಹಲ್ಲಿನ ನಡುವೆ ಸಿಕ್ಕಿತ್ತು.

"ಸ್ವಾಗತ, ಯಜಮಾನಿಯವರೇ," ಎಂದು ಬಾಗಿಲು ತೆರೆದುಕೊಂಡಿತು. ಮೀಸೆಯನ್ನು ವ್ಯವಸ್ಥೆಯು ಮಧ್ಯಾಹ್ನದ ನೆರಳೆಂದು ಪರಿಗಣಿಸಿತ್ತು.

ದೀಪ ಹತ್ತಿತು. ಫ್ಯಾನು ತಿರುಗಿತು. ಸ್ನಾನದ ನೀರು ಕಾಯತೊಡಗಿತು. ಸಣ್ಣಗೆ ಹಾಡೂ ಶುರುವಾಯಿತು. ಹುಟ್ಟಿದ ಮೇಲೆ ಯಾವ ಬಾಗಿಲಲ್ಲೂ ಇಂಥ ಮರ್ಯಾದೆ ಕಾಣದ ಕಳ್ಳ, ಕದಿಯಲು ಬಂದದ್ದನ್ನು ಮರೆತು ಕುರ್ಚಿಯ ಮೇಲೆ ಕುಳಿತುಬಿಟ್ಟ.

ಅಷ್ಟರಲ್ಲಿ ಹಿತ್ತಲಿನಿಂದ ಒಣಗಿದ ಬಟ್ಟೆ ಹೊತ್ತು ನಗೆಯಮ್ಮ ಒಳಗೆ ಬಂದಳು. ಕುರ್ಚಿಯಲ್ಲಿದ್ದವನನ್ನು ಗಿರಾಕಿ ಎಂದುಕೊಂಡು, "ಬಂದ್ರಾಪ್ಪ? ಅಳತೆ ತಗೋಬೇಕಿತ್ತಾ?" ಎಂದು ನಕ್ಕಳು.

ಸೈರನ್ ಬೊಬ್ಬೆ ಹಾಕಿತು. "ಮನೆಯೊಳಗೆ ಅಪರಿಚಿತ ಮಹಿಳೆ. ಯಜಮಾನಿಯವರು ಅಪಾಯದಲ್ಲಿದ್ದಾರೆ."

ಸಮಿತಿ ಓಡಿಬಂತು. ನಗೆಯಮ್ಮನನ್ನು ಮರ್ಯಾದೆಯಿಂದ ಮೆಟ್ಟಿಲಿಗೆ ಇಳಿಸಿತು. ಕಳ್ಳ ಸಂಕೋಚಪಟ್ಟುಕೊಂಡು ಎದ್ದು ಬಾಗಿಲಿಗೆ ಬಂದ.

"ಸಾರ್, ತಪ್ಪಾಗಿದೆ. ನಾನು ಕಳ್ಳ."

"ಅದನ್ನ ಹೇಳೋಕೆ ನೀವ್ಯಾರ್ರೀ?" ಎಂದರು ಅಧ್ಯಕ್ಷರು. "ದಾಖಲೆ ಹೇಳ್ಬೇಕು. ದಾಖಲೆ ಪ್ರಕಾರ ನೀವು ಈ ಮನೆ ಯಜಮಾನಿ."

"ಈ ಅಮ್ಮನ ಮನೆ ಅನ್ಸತ್ತೆ ಸಾರ್. ಹಿತ್ತಲಿಂದ ಬಂದ್ರು. ಕೈಯಲ್ಲಿ ಒಗೆದ ಬಟ್ಟೆ ಬೇರೆ ಇದೆ."

"ಬಟ್ಟೆ ಯಾರು ಬೇಕಾದ್ರೂ ಹಿಡ್ಕೋಬಹುದು. ಮುಖ ಹೊಂದಬೇಕು."

ನಗೆಯಮ್ಮನನ್ನು ಕ್ಯಾಮೆರಾದ ಎದುರು ನಿಲ್ಲಿಸಿದರು. ಆಕೆ ಸಿಟ್ಟು ತಂದುಕೊಳ್ಳಲು ಪ್ರಯತ್ನಪಟ್ಟಳು. ಕೊಳೆತ ಟೊಮೆಟೊ ನೆನೆದಳು, ಕೋಟಿನ ತೂತು ನೆನೆದಳು. ಆದರೆ ಬಾಗಿಲಲ್ಲಿ ಕೈಕಟ್ಟಿ ನಿಂತ ಮೀಸೆಯ ಯಜಮಾನಿಯನ್ನು ಕಂಡು ಕಿಸಕ್ಕನೆ ನಕ್ಕುಬಿಟ್ಟಳು. ಸೈರನ್ ಮತ್ತೆ ಕೂಗಿತು. ಅಧ್ಯಕ್ಷರು ತಲೆಯಾಡಿಸಿದರು.

ಕಚೇರಿಯಿಂದ ಮಗ ಏದುಸಿರು ಬಿಡುತ್ತಾ ಬಂದ. ಗೇಟಿನಲ್ಲೇ ನಿಂತು ಫೋನು ನೋಡಿದ. ಅವನ ಮುಖ ಅರಳಿತು.

"ಸದ್ಯ! ಅಮ್ಮ ಆರಾಮಾಗಿದಾಳೆ. ಬಾಗಿಲಲ್ಲಿ ನಿಂತಿದಾಳಂತೆ."

"ಮಗಾ, ನಾನಿಲ್ಲಿದೀನಿ ಕಣೋ," ಎಂದಳು ನಗೆಯಮ್ಮ, ಮೆಟ್ಟಿಲ ಬುಡದಿಂದ.

ಮಗ ಫೋನು ನೋಡಿದ. ತಾಯಿಯನ್ನು ನೋಡಿದ. ಮತ್ತೆ ಫೋನು ನೋಡಿದ. "ಆದ್ರೆ ಇದರಲ್ಲಿ..." ಎಂದು ತೊದಲಿದ.

ಆಗ ನಗೆಯಮ್ಮನ ನಗು ಆರಿತು. ಸಿಟ್ಟು ಬರಲಿಲ್ಲ. ಒಗೆದ ಬಟ್ಟೆಯ ಮೇಲೆ ಗದ್ದವಿಟ್ಟು ನಿಂತಳು. ಕಣ್ಣು ತುಂಬಿ ಬಂತು. ನಗುವಿಗೂ ಸಿಟ್ಟಿಗೂ ಜಾಗವಿದ್ದ ವ್ಯವಸ್ಥೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. "ಗಾಜಿನ ಮೇಲೆ ತೇವವಿದೆ. ದಯವಿಟ್ಟು ಕ್ಯಾಮೆರಾವನ್ನು ಒಣಬಟ್ಟೆಯಿಂದ ಒರೆಸಿ," ಎಂದಿತು ಬಾಗಿಲು. ಅಧ್ಯಕ್ಷರು ಕರವಸ್ತ್ರ ತೆಗೆದು ಒರೆಸಿದರು. ಕ್ಯಾಮೆರಾವನ್ನು.

ಮಗ ಫೋನನ್ನು ಜೇಬಿಗೆ ತುರುಕಿ, ತಾಯಿಯ ಕೈಯಿಂದ ಬಟ್ಟೆಯ ಹೊರೆ ತೆಗೆದುಕೊಂಡ. "ತಪ್ಪಾಯ್ತಮ್ಮ," ಎಂದ, ಯಾರಿಗೂ ಕೇಳಿಸದ ಹಾಗೆ. ಅವಳಿಗೆ ಕೇಳಿಸಿತು.

ಅಷ್ಟರಲ್ಲಿ ಶಾಲೆ ಮುಗಿಸಿ ಸೊಸೆ ಬಂದಳು. ಮಕ್ಕಳ ಜಗಳ ಬಿಡಿಸಿ ಬಿಡಿಸಿ ಅನುಭವವಿದ್ದವಳು. ಎಲ್ಲವನ್ನೂ ಕೇಳಿ ನೇರ ಕಳ್ಳನ ಹತ್ತಿರ ಹೋದಳು.

"ಯಜಮಾನಿಯವರೇ, ಈ ಮನೆಗೆ ಒಬ್ಬರನ್ನ ಸೇರಿಸಿಕೊಳ್ಳೋಕೆ ನಿಮ್ಮ ಒಪ್ಪಿಗೆ ಬೇಕಿತ್ತಲ್ಲ."

"ಧಾರಾಳವಾಗಿ ಕೊಡ್ತೀನಿ ತಾಯಿ. ಒಂದ್ನಿಮಿಷ, ಸಿಟ್ಟು ಬರಲಿ." ಅವನು ಎರಡನೆಯ ಮನೆಯ ಬಾಗಿಲನ್ನು ನೆನೆಸಿಕೊಂಡ. ಮುಖ ಕೆಂಡವಾಯಿತು. ವ್ಯವಸ್ಥೆ ಒಪ್ಪಿತು.

ಆದರೆ ಕುಟುಂಬ ಎಂಬ ವಿಭಾಗ ಮಗ ಸೊಸೆಯರಿಂದಲೇ ಭರ್ತಿಯಾಗಿತ್ತು. ಮೂರನೆಯವರು ಬೇಕಾದರೆ ಅಳಿಯನ ಕಂಪನಿಯ ದುಬಾರಿ ಯೋಜನೆಗೆ ಸೇರಬೇಕಿತ್ತು. ಅತಿಥಿಗಳಾದರೋ ಯಾರಾದರೂ ಕರೆಯುವವರೆಗೆ ಹೊರಗೇ ನಿಲ್ಲಬೇಕು. ಉಳಿದದ್ದು ಸಾಕುಪ್ರಾಣಿ. ನಿಯಮಾವಳಿ ಓದಿದಾಗ ಸೊಸೆಯ ಕಣ್ಣರಳಿತು: ಸಾಕುಪ್ರಾಣಿ ಯಾವಾಗ ಬಂದರೂ ಬಾಗಿಲು ತೆರೆಯತಕ್ಕದ್ದು; ಅದರ ಯಾವುದೇ ಮುಖಭಾವಕ್ಕೆ ಸೈರನ್ ಕೂಗತಕ್ಕದ್ದಲ್ಲ; ಅದು ಮಲಗಿದಾಗ ಫ್ಯಾನು ತಿರುಗತಕ್ಕದ್ದು; ಹೊತ್ತುಹೊತ್ತಿಗೆ ಊಟವಾಯಿತೇ ಎಂದು ಮನೆಯವರನ್ನು ಎಚ್ಚರಿಸತಕ್ಕದ್ದು.

"ಅತ್ತೆ, ಇದರಷ್ಟು ಸುಖ ಈ ಮನೇಲಿ ನಮಗ್ಯಾರಿಗೂ ಇಲ್ಲ!"

"ಹಾಗಾದ್ರೆ ಅದೇ ಹಾಕಮ್ಮ."

"ಸ್ವಭಾವ ಅಂತ ಕೇಳ್ತಿದೆ. ಸೌಮ್ಯ ಅಂತ ಬರೀತೀನಿ. ಕಚ್ಚುತ್ತದೆಯೇ?"

"ಕಚ್ಚಲ್ಲ. ಬಾಯಲ್ಲಿ ಸೂಜಿ ಇದ್ದಾಗ ಮಾತ್ರ ಹತ್ರ ಬರಬೇಡಿ ಅಂತ ಬರಿ."

ನಗೆಯಮ್ಮ ಕಣ್ಣೊರೆಸಿಕೊಂಡು ಕ್ಯಾಮೆರಾದ ಎದುರು ಹಲ್ಲು ಕಾಣುವಂತೆ ನಕ್ಕಳು. "ಬಾ ಜಾಣಮರಿ, ಒಳಗೆ ಬಾ," ಎಂದು ಬಾಗಿಲು ತೆರೆದುಕೊಂಡಿತು. ನೆರೆದಿದ್ದವರು ಚಪ್ಪಾಳೆ ತಟ್ಟಿದರು.

ಯಜಮಾನಿ ಬದಲಾಗಲಿಲ್ಲ, ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ನೀರಿನ ಟ್ಯಾಂಕು ತುಂಬಿದ ಸುದ್ದಿ, ಫ್ಯಾನಿನ ಧೂಳಿನ ಸುದ್ದಿ, ಗೀಸರಿನ ದೂರು, ನವೀಕರಣದ ನೆನಪೋಲೆ, ಸಮಿತಿಯ ವಂತಿಗೆಯ ತಾಕೀತು, ಎಲ್ಲವೂ, ಒಪ್ಪಿಗೆಯ ಹೊತ್ತಿನಲ್ಲಿ ವ್ಯವಸ್ಥೆ ನಂಬರು ಬರೆದುಕೊಂಡಿದ್ದ ಕಳ್ಳನ ಫೋನಿಗೇ ಹೋಗತೊಡಗಿದವು. ಅವನು ದಿನಬಿಟ್ಟು ದಿನ ಬಂದು ಎಲ್ಲವನ್ನೂ ಸರಿಮಾಡಿ ಹೋಗುವನು. ಹೊಸ ಕಸುಬಿಗೇ ಸಮಯ ಸಾಲದೆ ಹಳೆಯ ಕಸುಬನ್ನು ಬಿಟ್ಟ.

"ಕಳ್ಳತನದಲ್ಲಿ ಇಷ್ಟು ತಲೆನೋವು ಇರಲಿಲ್ಲಮ್ಮ," ಎಂದು ಒಮ್ಮೆ ಏಣಿಯ ಮೇಲಿಂದ ಗೊಣಗಿದ.

"ಮನೆ ಯಜಮಾನಿಕೆ ಅಂದ್ರೆ ಸುಮ್ನೇನಾ? ಇಳಿ, ಚಹಾ ಆರ್ತಾ ಇದೆ," ಎಂದಳು ಫ್ಯಾನಿನ ಕೆಳಗೆ ಕೂತ ನಗೆಯಮ್ಮ.

ಸಮಿತಿಯ ವಾರ್ಷಿಕ ವರದಿಯು, ಬಡಾವಣೆಗೆ ಬಂದ ಏಕಮಾತ್ರ ಕಳ್ಳನನ್ನು ಗೃಹಸ್ಥನನ್ನಾಗಿಸಿದ್ದನ್ನು ವ್ಯವಸ್ಥೆಯ ಸಾಧನೆಯೆಂದು ದಾಖಲಿಸಿತು. ಅದೇ ಸಭೆಯಲ್ಲಿ, ತಮ್ಮನ್ನೂ ಸಾಕುಪ್ರಾಣಿಗಳ ವಿಭಾಗಕ್ಕೆ ವರ್ಗಾಯಿಸಬೇಕೆಂದು ಬಹುಪಾಲು ನಿವಾಸಿಗಳು ಕೋರಿದರು. ಜ್ಯೇಷ್ಠತೆಯ ಆಧಾರದ ಮೇಲೆ ಅಧ್ಯಕ್ಷರಿಗೆ ಮೊದಲು ಮಂಜೂರಾಯಿತು. ಈಗ ಅವರು ಸಂಜೆ ವಾಯುಸೇವನೆ ಮುಗಿಸಿ ಬಂದು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿಲ ಮುಂದೆ ನೆಟ್ಟಗೆ ನಿಲ್ಲುತ್ತಾರೆ. ಬಾಗಿಲು ಸುಮ್ಮನೆ ತೆರೆದುಕೊಂಡರೆ ಒಳಗೆ ಹೋಗುವುದಿಲ್ಲ. "ಬಾ ಜಾಣಮರಿ" ಎಂದು ಅದು ಬಾಯಿಬಿಟ್ಟು ಕರೆದ ಮೇಲೆಯೇ, ಹುದ್ದೆಗೆ ತಕ್ಕ ಗಾಂಭೀರ್ಯದಿಂದ, ಹೊಸ್ತಿಲು ದಾಟುತ್ತಾರೆ.