ಗಾಳಿ ಬಂದರೆ ಏನು ಮಾಡುತ್ತೀರಿ?

ಮೂವತ್ತು ವರ್ಷ ಎಂಜಿನಿಯರಿಂಗ್ ಹುಡುಗರಿಗೆ ವೈವಾ ಪರೀಕ್ಷೆ ನಡೆಸಿದವನ ಬಾಯಿ ಸುಮ್ಮನಿರುವುದಿಲ್ಲ. ಎದುರಿಗೆ ಕೂತವರು ಯಾರೇ ಆಗಲಿ, ಅವರಿಗೆ ಗೊತ್ತಿಲ್ಲದ ಒಂದನ್ನು ಹುಡುಕಿ ಕೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಒಮ್ಮೆ ಅಣ್ಣನ ಮಗನಿಗೆ ಹೆಣ್ಣು ನೋಡಲು ರಾಯಚೂರಿಗೆ ಹೋಗಿದ್ದೆವು. ಉಪ್ಪಿಟ್ಟು ತಂದಿಟ್ಟ ಹುಡುಗಿಯನ್ನು "ರವೆ ಗಂಟಾದರೆ ಏನು ಮಾಡುತ್ತೀಯಮ್ಮ?" ಎಂದು ಕೇಳಿದೆ. ಹುಡುಗಿ ಏನೋ ಹೇಳಿದಳು. "ಕಾರಣ?" ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಸಂಬಂಧವೇನೋ ಕುದುರಿತು, ಆದರೆ ಆ ಸೊಸೆ ಇವತ್ತಿಗೂ ನಾನು ಹೋದಾಗ ಹೋಟೆಲಿನಿಂದಲೇ ತಿಂಡಿ ತರಿಸುತ್ತಾಳೆ. ಈ ಚಾಳಿಯಿಂದ ಆದ ದೊಡ್ಡ ಅನಾಹುತವನ್ನು ಮಾತ್ರ ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ನಾನು ಪಾಠ ಹೇಳುತ್ತಿದ್ದ ಹೈದರಾಬಾದಿಗೆ ಐಟಿ ಹುಚ್ಚು ಹಿಡಿದಿದ್ದ ಕಾಲ. ಅಲ್ಲಿಯವರೆಗೆ ಕಂಪನಿ ಎಂದರೆ ನಮ್ಮ ಹುಡುಗರು ಓದು ಮುಗಿಸಿ ಸೇರುವ ಜಾಗವಾಗಿತ್ತು. ಇದ್ದಕ್ಕಿದ್ದಂತೆ ಅವರೇ ಕಂಪನಿ ತೆರೆಯತೊಡಗಿದರು. ಹಳೆಯ ವಿದ್ಯಾರ್ಥಿಗಳು ವಾಪಸ್ ಬಂದು ಲ್ಯಾಬಿನ ಮೂಲೆಯಲ್ಲಿ ಮೇಜು ಹಾಕಿಕೊಂಡರು. ಮೇಷ್ಟ್ರುಗಳೂ ಹಿಂದೆ ಬೀಳಲಿಲ್ಲ. ಸಿವಿಲ್ ವಿಭಾಗದ ನನ್ನ ಗೆಳೆಯರೊಬ್ಬರು ಸ್ಟಾಫ್ ರೂಮಿನಲ್ಲಿ ಸಮೋಸದ ಜೊತೆ ತಮ್ಮ ವಿಸಿಟಿಂಗ್ ಕಾರ್ಡನ್ನೂ ಹಂಚಿದರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಪಾಠ ಮಾಡುವವರು ವ್ಯಾಪಾರ ಹೇಗೆ ಮಾಡುತ್ತಾರೆ ಎಂಬ ಕುತೂಹಲ. ನನಗೂ ಒಂದು ಕಾರ್ಡ್ ಇರಬಾರದೇ ಎಂಬ ಆಸೆಯೂ ಇತ್ತೆನ್ನಿ.

ಆಗಲೇ ಬಸವರಾಜ, ವನಜಾ ಇಬ್ಬರೂ ಬಂದು, "ಸರ್, ನೀವು ನಮ್ಮ ಕಂಪನಿ ಡೈರೆಕ್ಟರ್ ಆಗ್ಬೇಕ್ರಿ" ಎಂದರು. ಬಸವರಾಜನದು ಬೀದರ್ ಕಡೆಯಿಂದ ಬಂದು ನಾರಾಯಣಗೂಡದಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನ, ಕೊನೆಯ ವರ್ಷದಲ್ಲಿದ್ದ. ವನಜಾ ವಾರಂಗಲ್ಲಿನವಳು, ಹಿಂದಿನ ವರ್ಷವೇ ಪಾಸಾಗಿದ್ದಳು. ಅವರು ಮಾಡಿದ ಯಂತ್ರ ನನಗೆ ನೋಡಿದೊಡನೆ ಹಿಡಿಸಿತು. ನಮ್ಮೂರಿನಲ್ಲಿ ನಳದ ನೀರು ಯಾವ ದಿನ, ಯಾವ ಹೊತ್ತಿಗೆ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಬಂದ ತಕ್ಷಣ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿಕೊಳ್ಳದಿದ್ದರೆ ಆಯಿತು, ಎರಡು ದಿನ ಒಣಗಬೇಕು. ಇವರು ಪೈಪಿನೊಳಗೆ ಒಂದು ಪುಟ್ಟ ಚಕ್ರ ಕೂರಿಸಿದ್ದರು. ನೀರು ಬಂದು ಚಕ್ರ ತಿರುಗಿದರೆ ಮನೆಯವರ ಮೊಬೈಲಿಗೆ "ನೀರು ಬಂದಿದೆ" ಎಂದು ಮೆಸೇಜ್ ಹೋಗುತ್ತಿತ್ತು.

ಮೊದಲ ಯಂತ್ರ ತಾರ್ನಾಕದ ನಮ್ಮ ಮನೆಯ ನಳಕ್ಕೇ ಬಂತು. ನನ್ನ ಹೆಂಡತಿ ಸರೋಜಾಳ ಸಂತೋಷ ಹೇಳತೀರದು. ಇಪ್ಪತ್ತು ವರ್ಷ ನಳ ಕಾಯ್ದವಳು ಮೊದಲ ಬಾರಿ ನಿಶ್ಚಿಂತೆಯಿಂದ ಭಜನಾ ಮಂಡಳಿಗೆ ಹೋದಳು. ಮೂರನೆಯ ವಾರ ಭಜನೆಯ ನಡುವೆಯೇ ಮೆಸೇಜ್ ಬಂತು. ತಾಳ ಅಲ್ಲೇ ಬಿಟ್ಟು ಓಡಿಬಂದು ಮೋಟರ್ ಹಾಕಿದಳು. ನಳದಲ್ಲಿ ಬುಸ್ಸೆಂದು ಬರೀ ಗಾಳಿ! ನೀರು ಬಿಡುವ ಮುಂಚೆ ಪೈಪಿನೊಳಗಿನ ಗಾಳಿ ಹೊರಬರುತ್ತದಲ್ಲ, ಚಕ್ರ ಅದಕ್ಕೂ ತಿರುಗಿತ್ತು.

"ಗಾಳಿ ಸಲುವಾಗಿ ದೇವರನ್ನ ಅರ್ಧಕ್ಕ ಬಿಟ್ಟು ಬಂದೀನ್ರಿ," ಎಂದಳು ಏದುಸಿರು ಬಿಡುತ್ತ. "ಆ ಹುಡುಗ್ರಿಗಿ ಫೋನ್ ಹಚ್ಚಿ ಹೇಳ್ರಿ ಮೊದಲ."

ನಾನು ಹೇಳಲಿಲ್ಲ. ಪರೀಕ್ಷಕ ಪ್ರಶ್ನೆಯನ್ನು ಮುಂಚೆ ಬಯಲು ಮಾಡುವುದುಂಟೇ? ತಾವೇ ಕಂಡುಹಿಡಿಯಲಿ, ಎಂದಾದರೂ ಒಂದು ದಿನ ಕೂರಿಸಿಕೊಂಡು ಕೇಳೋಣ ಎಂದು ಮನಸ್ಸಿನಲ್ಲೇ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ಒಳ್ಳೆಯ ಪ್ರಶ್ನೆ ಸಿಕ್ಕಿತೆಂದು ಒಳಗೊಳಗೇ ಖುಷಿಯಾಗಿತ್ತು. ಸರೋಜಾ ಎರಡು ಸಲ ನೆನಪಿಸಿ, "ನಿಮಗ ಹೇಳೋದೂ ಒಂದ, ಗೋಡಿಗಿ ಹೇಳೋದೂ ಒಂದ" ಎಂದು ಕೈಬಿಟ್ಟಳು.

ಅಷ್ಟರಲ್ಲಿ ಕೊಂಡಾಪುರದ ದೊಡ್ಡ ಅಪಾರ್ಟ್‌ಮೆಂಟಿನವರು ಯಂತ್ರ ತೋರಿಸಲು ಕರೆದರು. ಬಸವರಾಜನ ಕೈಯಲ್ಲಿ ಕ್ಯಾಂಪಸ್ಸಿನಲ್ಲೇ ಸಿಕ್ಕ ನೌಕರಿಯ ಪತ್ರವಿತ್ತು. ವನಜಾಳ ಹತ್ತಿರವೂ ಅಂಥದೇ ಒಂದು. ಇಬ್ಬರೂ ಬರುವ ಒಂದನೆಯ ತಾರೀಖಿಗೆ ಸೇರಬೇಕು. ಅದರೊಳಗೆ ಒಬ್ಬ ಗಿರಾಕಿಯಾದರೂ ಸಿಕ್ಕರೆ ಕಂಪನಿ, ಇಲ್ಲದಿದ್ದರೆ ನೌಕರಿ ಎಂದು ಮನೆಯವರಿಗೆ ಮಾತು ಕೊಟ್ಟಿದ್ದರು. "ಇದೊಂದ ಚಾನ್ಸ್ ಐತ್ರಿ ಸರ್. ನೀವು ಕೂತ್ರ ಸಾಕು, ನಮಗ ಧೈರ್ಯ" ಎಂದ ಬಸವರಾಜ. ಡೈರೆಕ್ಟರ್ ಎಂದು ಅವರು ಅಚ್ಚು ಹಾಕಿಸಿಕೊಟ್ಟಿದ್ದ ನನ್ನ ಹೊಸ ಕಾರ್ಡುಗಳನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಅಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಶೈಲಜಾ ಎಂಬವರು. ಉಡುಪಿ ಕಡೆಯವರು, ಯಾವುದೋ ಸಾಫ್ಟ್‌ವೇರ್ ಆಫೀಸಿನಲ್ಲಿ ಮ್ಯಾನೇಜರ್. ನಮ್ಮದು ಕನ್ನಡವೆಂದು ತಿಳಿದು ಕಾಫಿ ತರಿಸಿದರು. ಬಸವರಾಜ ಚೆನ್ನಾಗಿಯೇ ವಿವರಿಸಿದ. ಕೊನೆಯಲ್ಲಿ ಅವರು, "ಇದನ್ನು ನಂಬಬಹುದಾ?" ಎಂದು ಕೇಳಿದಾಗ, "ನೂರಕ್ಕೆ ನೂರು ಮೇಡಂ" ಎಂದುಬಿಟ್ಟ.

ನೂರಕ್ಕೆ ನೂರು! ಮೂವತ್ತು ವರ್ಷದಲ್ಲಿ ನಾನು ಯಾರಿಗೂ ಕೊಡದ ಅಂಕ ಅದು. ನನಗೆ ಅಪಾರ್ಟ್‌ಮೆಂಟು, ಗಿರಾಕಿ, ಡೈರೆಕ್ಟರ್‌ಗಿರಿ ಎಲ್ಲ ಮರೆತುಹೋಯಿತು. ಕನ್ನಡಕ ಮೂಗಿನ ತುದಿಗೆ ಇಳಿಸಿ, "ಗಾಳಿ ಬಂದರೆ ಏನು ಮಾಡುತ್ತೀರಿ?" ಎಂದೆ.

ಬಸವರಾಜ ತಟ್ಟನೆ ಎದ್ದು ಕೈಕಟ್ಟಿ ನಿಂತ. ಯಂತ್ರವನ್ನೊಮ್ಮೆ, ವನಜಾಳನ್ನೊಮ್ಮೆ ನೋಡಿದ. "ನೆಕ್ಸ್ಟ್" ಎಂದು ವನಜಾಳ ಕಡೆ ತಿರುಗಿದೆ. ಅವಳು ಬೆವರುತ್ತ, "ಗಾಳಿಗೂ ಚಕ್ರ ತಿರುಗುತ್ತದೆ ಸರ್, ತಪ್ಪು ಮೆಸೇಜ್ ಹೋಗುತ್ತದೆ" ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡಳು. "ಪರಿಹಾರ?" ಎಂದೆ. ಕಾಫಿಯ ಜೊತೆ ಇಟ್ಟಿದ್ದ ಪೇಪರ್ ನ್ಯಾಪ್ಕಿನ್ ಮೇಲೆ ಚಿತ್ರ ಬರೆದಳು: ಚಕ್ರದ ಪಕ್ಕ ಎರಡು ತಂತಿ, ಚಕ್ರವೂ ತಿರುಗಬೇಕು, ತಂತಿಯೂ ಒದ್ದೆಯಾಗಬೇಕು, ಆಮೇಲೆ ಮೆಸೇಜ್. ಸೊಗಸಾದ ಉತ್ತರ. "ಗುಡ್. ನೀವಿನ್ನು ಹೋಗಬಹುದು. ಮುಂದಿನವರನ್ನು ಕಳಿಸಿ" ಎಂದೆ.

ಅವರು ಯಂತ್ರ ಎತ್ತಿಕೊಂಡು ಹೋಗಿಯೇಬಿಟ್ಟರು! ನಾಲ್ಕು ವರ್ಷದ ಅಭ್ಯಾಸ ನೋಡಿ. ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ಬೇರೆ ಕಂಪನಿಯ ಮಾರಾಟಗಾರನನ್ನು ಕಳಿಸಿಯೂ ಕೊಟ್ಟರು. ಟೈ ಕಟ್ಟಿದ್ದ ಆತ ಕೂತ ಕೂಡಲೇ ನಾನು ಅದೇ ಪ್ರಶ್ನೆ ಕೇಳಿದೆ. ಆತ ಬಣ್ಣದ ಪುಸ್ತಿಕೆಯ ಪುಟ ತಿರುವಿ ತಿರುವಿ, "ನಮ್ಮದು ಫಾರಿನ್ ಟೆಕ್ನಾಲಜಿ, ಅದರಲ್ಲಿ ಗಾಳಿ ಬರುವುದಿಲ್ಲ ಸಾಬ್. ತಾವು ಯಾರು?" ಎಂದ. ನಾನು ಗಂಭೀರವಾಗಿ ನನ್ನ ಕಾರ್ಡ್ ಕೊಟ್ಟೆ.

ಶೈಲಜಾ ಅದನ್ನು ಇಣುಕಿ ನೋಡಿದರು. "ಎಂತ ಸರ್, ನೀವು ಯಾರ ಕಡೆಯವರು?" ಎಂದವರು ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದರು. ಆಗ ನನಗೆ ಎಚ್ಚರವಾಯಿತು. "ಗಾಳಿಗೆ ಓಡಿಸಿ ಓಡಿಸಿ ನಮ್ಮ ಎರಡು ಮೋಟರ್ ಸುಟ್ಟುಹೋಗಿವೆ ಮಾರಾಯ್ರೆ. ಅದನ್ನೇ ನಾನು ಕೇಳ್ಬೇಕು ಅಂತಿದ್ದೆ. ಉತ್ತರ ಹೇಳಿದ ಆ ಹುಡುಗಿ ಎಲ್ಲಿ ಹೋದ್ಲು? ಕರೀರಿ" ಎಂದರು.

ಐವತ್ತಾರರ ವಯಸ್ಸಿನಲ್ಲಿ ಕೊಂಡಾಪುರದ ರಸ್ತೆಯಲ್ಲಿ ಓಡಿದೆ. ಇಬ್ಬರೂ ಬಸ್ ಸ್ಟಾಪಿನಲ್ಲಿ ಯಂತ್ರವನ್ನು ನಡುವೆ ಇಟ್ಟುಕೊಂಡು ಕೂತಿದ್ದರು. ಬಸವರಾಜನ ಕಣ್ಣು ಕೆಂಪಾಗಿತ್ತು. "ಗಾಳಿದು ನಿಮಗ ಮೊದಲ ಗೊತ್ತಿತ್ತೇನ್ರಿ ಸರ್?" ಎಂದ. ಹೌದೆಂದೆ. "ಮುಂದೇ ಎಂದುಕು ಚೆಪ್ಪಲೇದು ಸರ್?" ಎಂದಳು ವನಜಾ. ಮೊದಲೇ ಯಾಕೆ ಹೇಳಲಿಲ್ಲ ಎಂಬ ಅಷ್ಟು ಸರಳ ಪ್ರಶ್ನೆಯಲ್ಲಿ ನಾನೇ ಫೇಲಾದೆ. ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯಿತೆಂದು ಹೇಳಿ ಇಬ್ಬರನ್ನೂ ವಾಪಸ್ ಕರೆದುಕೊಂಡು ಹೋದೆ.

ಹದಿನೈದು ದಿನದಲ್ಲಿ ತಂತಿ ಸೇರಿಸಿ ಕೊಟ್ಟರೆ ಒಂದು ಬ್ಲಾಕಿಗೆ ಹಾಕಿಸಿ ನೋಡುತ್ತೇವೆಂದು ಶೈಲಜಾ ಬರೆದುಕೊಟ್ಟರು. ನೌಕರಿಯ ಪತ್ರಗಳು ಪೆಟ್ಟಿಗೆ ಸೇರಿದವು. ಈಗ ಆ ಇಬ್ಬರೂ ಯಾವ ಗಿರಾಕಿಯ ಹತ್ತಿರ ಹೋಗುವುದಿದ್ದರೂ ಮುಂಚೆ ನನ್ನ ಮನೆಗೆ ಬಂದು ಸರೋಜಾಳ ಎದುರೇ ವೈವಾ ಕೊಟ್ಟು ಹೋಗುತ್ತಾರೆ. ನನ್ನನ್ನು ಮಾತ್ರ ಕರೆದುಕೊಂಡು ಹೋಗುವುದಿಲ್ಲ.

ತಂತಿ ಸೇರಿಸಲೆಂದು ನಮ್ಮ ಮನೆಯ ಯಂತ್ರವನ್ನು ಆಗ ಬಿಚ್ಚಿಕೊಂಡು ಹೋದವರು ಇನ್ನೂ ತಂದಿಲ್ಲ, ಗಿರಾಕಿಗಳೇ ಮೊದಲಂತೆ. ಹಾಗಾಗಿ ಸರೋಜಾ ನಳದ ಪಕ್ಕ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿ ಭಜನೆಗೆ ಹೋಗುತ್ತಾಳೆ. ಮೊನ್ನೆ ಅವಳು ಆಗಷ್ಟೇ ಹಿಂತಿರುಗಿ ಚಪ್ಪಲಿ ಬಿಡುತ್ತಿದ್ದಳು, ನಳ ಬುಸ್ಸೆಂದಿತು. "ಬಂತು!" ಎಂದು ಕೂಗಿದೆ.

"ಖಾತ್ರಿ ಐತೇನ್ರಿ?"

"ನೂರಕ್ಕೆ ನೂರು!" ಎಂದು ಮೋಟರ್ ಹಾಕಿದೆ. ಅದು ಗರಗರ ಅರಚಿತೇ ಹೊರತು ಒಂದು ಹನಿ ನೀರೂ ಏರಲಿಲ್ಲ. ಸರೋಜಾ ಬಂದು ಸ್ವಿಚ್ ಆರಿಸಿ, ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. ನಾನು ಎದ್ದು ಕೈಕಟ್ಟಿ ನಿಂತೆ.

"ಆತು ಹೋಗ್ರಿನ್ನ," ಎಂದಳು, "ಮುಂದಿನವ್ರನ್ನ ಕಳಸ್ರಿ."